‘ಹ’ ಎಂದು ಬರೆದರೆ ಸಾಕೇ?

ನಾನು ಪಗಡೆಯ ಒಂದು ಹಳದಿ ಕಾಯಿ. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡನ್ನು ಗಿರಗಿರ ತಿರುಗಿಸಿ ಕಡೆದು ನನ್ನನ್ನು ಮಾಡಿದರು. ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ಕೇದಗೆ ಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ಹಳದಿಯವರು ನಾವು ನಾಲ್ವರು. ಉಳಿ ಜಾರಿ ನನ್ನ ನೆತ್ತಿಯಲ್ಲಿ ಮಾತ್ರ ಒಂದು ಕಚ್ಚು ಬಿತ್ತು.

ಮೊದಲು ಯಾರದೋ ಮದುವೆಗೆ ಉಡುಗೊರೆಯಾಗಿ ಹೋದೆ. ಆ ಮದುಮಕ್ಕಳು ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. ಬಹುಕಾಲ ಕತ್ತಲಲ್ಲಿದ್ದು, ಕೊನೆಗೆ ಪೇಟೆಯ ವಾಚನಾಲಯದ ಜಗಲಿಗೆ ಬಂದೆ. ಅಲ್ಲಿ ಮಧ್ಯಾಹ್ನ ಪಗಡೆಯಾಡುವ ಹೆಂಗಸರ ಪೈಕಿ ಹೊಲಿಗೆ ಕೆಲಸದ ದೊಡ್ಡತಾಯಮ್ಮನ ಕೈಗೆ ಸಿಕ್ಕಿದೆ. ಸೂಜಿ ಚುಚ್ಚಿ ಒರಟಾದ ಬೆರಳಿನಿಂದ ನನ್ನ ಕಚ್ಚನ್ನು ಸವರಿ, "ಬಾರೋ ನನ್ನ ಮೊಂಡ" ಎನ್ನುತ್ತಿದ್ದಳು. ನನಗೆ ಹೆಸರಿಟ್ಟವಳು ಅವಳೇ.

ಅದೇ ಜಗಲಿಯಲ್ಲಿ ಗಂಡಸರ ಇಸ್ಪೀಟೂ ನಡೆಯುತ್ತಿತ್ತು. ಮಧ್ಯಾಹ್ನದ ಜಗಲಿ ಯಾರಿಗೆ ಎಂದು ಜಗಳ ಹತ್ತಿ, ಒಂದು ಪಗಡೆಯಾಟದಲ್ಲಿ ತೀರ್ಮಾನವಾಗಲಿ ಎಂದಾಯಿತು. ಹೆಂಗಸರ ಪರ ದೊಡ್ಡತಾಯಮ್ಮ, ಗಂಡಸರ ಪರ ವೆಂಕಟಾಚಲಯ್ಯ. ಆತ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದು ನಿವೃತ್ತನಾದವನು. ಯಾರೇ ಆಡಲಿ, ನಡೆಗಳನ್ನೆಲ್ಲ ಬರೆದಿಡುವುದು ಅವನ ಹುಚ್ಚು. ಮೊದಮೊದಲು ‘ಹಳದಿ ಮೊಂಡ ಹನ್ನೆರಡು ನಡೆಯಿತು’ ಎಂದು ಪೂರಾ ಬರೆಯುತ್ತಿದ್ದ. ಆಮೇಲೆ ‘ಹಮೊ ೧೨’ ಮಾಡಿದ. ಅದೂ ಉದ್ದವಾಯಿತಂತೆ, ‘ಹ ೧೨’ ಮಾಡಿದ. ನಾಲ್ವರಿಗೂ ಒಂದೇ ‘ಹ’!

"ಯಾವ ಹಳದಿ ಅಂತ ಬರೀಬ್ಯಾಡ್ವಾ ಸ್ವಾಮಿ?" ಎಂದು ದೊಡ್ಡತಾಯಮ್ಮ ಕೇಳಿಯೂ ಇದ್ದಳು.

"ದಾಳ ಬಿದ್ದಷ್ಟು ಬೇಗ ಕೈ ಓಡ್ಬೇಕು ಕಣಮ್ಮ. ಮಿಕ್ಕಿದ್ದು ತಲೇಲಿರುತ್ತೆ."

ತೀರ್ಮಾನದ ಆಟದಲ್ಲಿ ನಾನು ಹಣ್ಣಾಗಲು, ಎಂದರೆ ಸುತ್ತು ಮುಗಿಸಿ ನಡುಮನೆ ಸೇರಲು, ಮೂರೇ ಮನೆ ಬಾಕಿ. ಆಗಷ್ಟೇ ಹೊರಟಿದ್ದ ಇನ್ನೊಬ್ಬ ಹಳದಿಯನ್ನು ವೆಂಕಟಾಚಲಯ್ಯನ ಕೆಂಪು ಕಾಯಿ ಕಡಿದು, ಮತ್ತೆ ಮೊದಲಿನಿಂದ ಹೊರಡಲು ಅಟ್ಟಿತು. ಅಷ್ಟರಲ್ಲಿ ಪೋಲಿಯೊ ಹನಿ ಹಾಕುವವರು ಬಂದು ಜಗಲಿ ಖಾಲಿ ಮಾಡಿಸಿದರು. ಮಾರನೆಯ ದಿನ ವೆಂಕಟಾಚಲಯ್ಯ ತನ್ನ ಬರಹ ನೋಡಿ ಕಾಯಿಗಳನ್ನು ಜೋಡಿಸಿದ. ‘ಹ ಕಡಿ’ ಎಂದಿತ್ತು. ಯಾವ ಹ? ತನಗೆ ಬೇಕಾದ ಹ! ಕಡಿಸಿಕೊಂಡವನನ್ನು ಹಾದಿಯಲ್ಲೇ ನಿಲ್ಲಿಸಿ, ನನ್ನನ್ನು ಎತ್ತಿ ಹೊರಡುವ ಜಾಗಕ್ಕೆ ಕುಕ್ಕಿದ.

"ಅಯ್ಯೋ, ಸತ್ತಿದ್ದು ಇವನಲ್ಲ! ನನ್ನ ಮೊಂಡ ಹಣ್ಣಾಗೋದ್ರಲ್ಲಿದ್ದ!"

"ಬರಹದಲ್ಲಿ ಎಲ್ಲಿದೆ, ತೋರ್ಸಿ."

"ಮಿಕ್ಕಿದ್ದು ತಲೇಲಿರುತ್ತೆ ಅಂದ್ರಲ್ಲ, ಆ ತಲೆ ಎಲ್ಲೋಯ್ತು?"

"ನೆನಪು ಜಾರುತ್ತೆ ತಾಯಮ್ಮ, ಲಿಪಿ ಜಾರಲ್ಲ."

ಇಸ್ಪೀಟಿನವರು ಕಿಸಕ್ಕನೆ ನಕ್ಕರು. ಮನೆ ಮನೆಯನ್ನೂ ಮೆಟ್ಟಿ ಬಂದವನು ನಾನು. ಕೂತು ಗೀಚಿದವನು ಹೇಳಿದ್ದು ನಿಜವಾಯಿತು. ನನಗೆ ಬಾಯಿದ್ದಿದ್ದರೆ!

ಆಟ ಹೋಯಿತು, ಜಗಲಿಯೂ ಹೋಯಿತು. ದೊಡ್ಡತಾಯಮ್ಮ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಂಗಾದ್ರೆ ಇವನಿಲ್ದೆ ಆಡ್ಕೊಳಿ" ಎಂದು ಎದ್ದು ನಡೆದಳು.

ಈಗ ಅವಳ ಹೊಲಿಗೆ ಯಂತ್ರದ ಖಾನೆಯಲ್ಲಿ, ನೂಲುಂಡೆಗಳ ನಡುವೆ ಮುದುಕನಾಗಿದ್ದೇನೆ. ಬಣ್ಣ ಮಾಸಿದೆ, ಸಿಟ್ಟು ಮಾಸಿಲ್ಲ. ಬರಹ ಚಿಕ್ಕದಾಗಲಿ, ಬೇಡವೆನ್ನಲಿಲ್ಲ. ಚಿಕ್ಕದಾಗುವಾಗ ಯಾರು ಉದುರಿಹೋದರು ಎಂದು ನೋಡಬೇಡವೇ?

ಇಸ್ಪೀಟು ಬೇಸರವಾದಾಗ ಜಗಲಿಯಲ್ಲಿ ಪಗಡೆಯನ್ನೂ ಆಡುತ್ತಾರಂತೆ. ನನ್ನ ಬದಲಿಗೆ ಅಂಗಿಯ ಗುಂಡಿಯೊಂದನ್ನು ಇಟ್ಟುಕೊಂಡಿದ್ದಾರಂತೆ. ವೆಂಕಟಾಚಲಯ್ಯ ಅದನ್ನೂ ‘ಹ’ ಎಂದೇ ಬರೆಯುತ್ತಾನಂತೆ.

ಆ ಗುಂಡಿ ಬಿಳಿಯದು.