ಹೆಬ್ಬೆಟ್ಟಜ್ಜಿ

ಮೂಳೆ ಯಾವುದು, ಕಲ್ಲು ಯಾವುದು ಅಂತ ತಿಳಿಯಬೇಕಾದರೆ ನಾಲಿಗೆಗಿಂತ ಒಳ್ಳೆಯ ಸಾಧನ ಇಲ್ಲ. ಕಲ್ಲಾಗಿ ಹೋದ ಮೂಳೆಯನ್ನು ನಾಲಿಗೆಗೆ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ. ಬರೀ ಕಲ್ಲಾದರೆ ತಣ್ಣಗಿರುತ್ತದೆ, ಅಷ್ಟೆ. ಹಲ್ಲಕ್ಕ ಈ ವಿದ್ಯೆಯನ್ನು ಅಪ್ಪನಿಂದ ಕಲಿತದ್ದು ಅಕ್ಷರ ಕಲಿಯುವುದಕ್ಕೂ ಮೊದಲೇ. ಹಾಗಾಗಿ ಆ ದಿನ ಗ್ರಂಥಾಲಯದ ಉದ್ದ ಮೇಜಿನ ಮುಂದೆ ಕೂತು, ತಲೆ ನರೆತ ಮರ್ಯಾದಸ್ಥ ಹೆಂಗಸು, ಕಪ್ಪು ತುಂಡೊಂದನ್ನು ಸಲೀಸಾಗಿ ನೆಕ್ಕಿದಳು. ಪೇಪರ್ ಓದುತ್ತಿದ್ದ ಒಬ್ಬರು ಕನ್ನಡಕ ಇಳಿಸಿ ನೋಡಿದರು.

"ಮೂಳೆನೇ," ಅಂದಳು ಹಲ್ಲಕ್ಕ.

"ನಾನೂ ಹಾಗೇ ಮಾಡೋದು ಮೇಡಂ. ಯಾರೂ ಇಲ್ಲದಾಗ," ಅಂತ ವಸ್ತುಸಂಗ್ರಹಾಲಯದಿಂದ ಬಂದಿದ್ದ ಹುಡುಗಿ ನಕ್ಕಳು.

ಹುಡುಗಿ ಬಂದದ್ದು ಹಲ್ಲಕ್ಕನ ಅಪ್ಪ ಹಳ್ಳದಲ್ಲಿ ಆಯ್ದು ತಂದ ಸಂಗ್ರಹವನ್ನು ಪರೀಕ್ಷೆ ಮಾಡುವುದಕ್ಕೆ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಗ್ರಂಥಾಲಯದವರು ಬಾಗಿಲ ಎದುರಿನ ಗೋಡೆಯನ್ನು ಅವನ ಗಾಜಿನ ಪೆಟ್ಟಿಗೆಗೆ ಬಿಟ್ಟುಕೊಟ್ಟಿದ್ದರು. ಶನಿವಾರ ಅದನ್ನು ಜನರಿಗೆ ತೆರೆಯುವುದು. ಷರತ್ತು ಒಂದೇ: ಹುಡುಗಿ ಹೌದು ಅಂದದ್ದು ಪೆಟ್ಟಿಗೆಯೊಳಗೆ, ಅಲ್ಲ ಅಂದದ್ದು ವಾಪಸ್ ಮನೆಗೆ.

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಕಸುಬಿನಿಂದ. ದಂತವೈದ್ಯರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟು ಹಲ್ಲು ಮಾಡುವುದು ಅವಳ ಕೆಲಸ. ಮೇಣದಲ್ಲಿ ಒಸಡು ತೀಡಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಊರಿನ ಅರ್ಧ ಮುದುಕರ ನಗುವನ್ನು ಅವಳೇ ಜೋಡಿಸಿದ್ದಾಳೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ಬಾಯಿ ನೋಡುತ್ತಾಳೆ ಅಂತ ಜನ ಚೇಷ್ಟೆ ಮಾಡುತ್ತಿದ್ದರು. ಸುಳ್ಳೇನಲ್ಲ.

ಅಪ್ಪ ಬಡಗಿ. ಆರು ದಿನ ಮರದ ಜೊತೆ, ಏಳನೆಯ ದಿನ ಹಳ್ಳದ ಜೊತೆ. ಮಳೆ ಬಂದು ನೀರು ಇಳಿದ ಭಾನುವಾರವಾದರಂತೂ ಅವನನ್ನು ಹಿಡಿದು ನಿಲ್ಲಿಸುವವರಿಲ್ಲ. ಪ್ಯಾಂಟು ಮೊಣಕಾಲಿಗೆ ಮಡಚಿ, ಹೆಗಲಿಗೆ ಗೋಣಿಚೀಲ ಹಾಕಿ, ಮಗಳ ಕೈ ಹಿಡಿದು ಹೊರಟುಬಿಡುತ್ತಿದ್ದ. ಮನೆ ನೋಡಿಕೊಳ್ಳುತ್ತಿದ್ದ ಅತ್ತೆ, ಅಪ್ಪನ ಅಕ್ಕ, ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: "ಹೋಗಿ, ಹೋಗಿ. ಅಪ್ಪನಿಗೆ ಕಲ್ಲಿನ ಹುಚ್ಚು, ಮಗಳಿಗೆ ಅಪ್ಪನ ಹುಚ್ಚು!"

ಹಳ್ಳಕ್ಕೂ ನಿಯಮಗಳಿದ್ದವು. ಕೆಳಗಿನಿಂದ ಮೇಲಕ್ಕೆ ನಡೆಯಬೇಕು, ಆಗ ಕಾಲಿಗೆ ಎದ್ದ ಕೆಸರು ಹಿಂದಕ್ಕೆ ಹೋಗಿ ಮುಂದಿನ ನೀರು ತಿಳಿಯಾಗಿರುತ್ತದೆ. ಕಲ್ಲನ್ನು ಎತ್ತಿ ನೋಡಿದ ಮೇಲೆ ಅದು ಹೇಗೆ ಮಲಗಿತ್ತೋ ಹಾಗೇ ಮಲಗಿಸಬೇಕು, ಕೆಳಗೆ ಹುಳಹುಪ್ಪಟೆಯ ಸಂಸಾರ ಇರುತ್ತದೆ. ಸಿಕ್ಕಿದ್ದನ್ನು ಬಿಸಿಲಿಗೆ ಒಣಗಿಸಬಾರದು, ಬಿರುಕು ಬಿಡುತ್ತದೆ. ಕೊನೆಯದು, ಬರಿಗೈಯಲ್ಲಿ ಮನೆಗೆ ಬರಬಾರದು. ಅದೃಷ್ಟ ಇದ್ದ ದಿನ ಸುರುಳಿ ಚಿಪ್ಪೋ, ಕಲ್ಲಿನ ಬಾಣದ ಮೊನೆಯೋ, ಕುದುರೆಯ ಹಲ್ಲೋ ಸಿಗುತ್ತಿತ್ತು. ಇಲ್ಲದ ದಿನ ಅಪ್ಪ ಒಡೆದ ಹೆಂಚಿನ ಚೂರುಗಳನ್ನೇ ಚೀಲಕ್ಕೆ ತುಂಬುತ್ತಿದ್ದ. ಹಿತ್ತಲಿನ ಹೂವಿನ ಮಡಿಗೆ ಅಂಚು ಕಟ್ಟುವುದಕ್ಕೆ ಆಗುತ್ತದಲ್ಲ ಅನ್ನುತ್ತಿದ್ದ. "ಹೋದದ್ದು ರತ್ನ ತರೋಕೆ, ತಂದದ್ದು ಹೆಂಚಿನ ಚೂರು," ಅಂತ ಅತ್ತೆ ಅದಕ್ಕೂ ಒಂದು ಪೂಜೆ ಮಾಡುತ್ತಿದ್ದಳು. ಹಲ್ಲಕ್ಕನಿಗೆ ಈಗ ಆ ಬೈಗುಳ ನೆನೆದರೂ ಬಾಯಿ ಸಿಹಿಯಾಗುತ್ತದೆ. ಬೈಯುವವರಿದ್ದ ಕಾಲ ಅದು.

ಹುಡುಗಿ ಒಂದೊಂದೇ ತುಂಡನ್ನು ಎತ್ತಿ, ಭೂತಗನ್ನಡಿ ಹಿಡಿದು, ಪಕ್ಕದಲ್ಲಿ ಚೀಟಿ ಬರೆದಿಡುತ್ತ ಬಂದಳು. ಕುದುರೆ ಹಲ್ಲಿನ ವಿಷಯದಲ್ಲಿ ಇಬ್ಬರಿಗೂ ಒಂದೇ ಮಾತು. ಅಪ್ಪ 'ಹುಲಿಯ ಉಗುರು' ಅಂತ ಹೆಮ್ಮೆಯಿಂದ ಇಟ್ಟಿದ್ದ ಬಾಗಿದ ಕಲ್ಲು ಮಾತ್ರ ಹುಲಿಯದ್ದಲ್ಲ, ಇಲ್ಲಿ ಸಮುದ್ರ ಇದ್ದಾಗಿನ ಸಿಂಪಿ ಅಂತಾಯಿತು.

"ಅಪ್ಪ ಕೇಳಿದ್ದಿದ್ರೆ ಎರಡು ದಿನ ಊಟ ಬಿಡ್ತಿದ್ದ," ಅಂದಳು ಹಲ್ಲಕ್ಕ. ಹುಡುಗಿಗೆ ನಗು ತಡೆಯಲಾಗಲಿಲ್ಲ. ಕೆಲಸ ಹೂವೆತ್ತಿದಷ್ಟು ಹಗುರವಾಗಿ ಸಾಗಿತ್ತು.

ಕೊನೆಗೆ ಉಳಿದದ್ದು ಪೆಟ್ಟಿಗೆಯ ನಟ್ಟನಡುವಿನ ಗೂಡಿನದು. ಅಂಗೈ ಅಗಲದ ಕೆಂಪು ಮಣ್ಣಿನ ತುಂಡು, ಅಂಚೆಲ್ಲ ನೀರಿಗೆ ಸವೆದು ನುಣುಪಾಗಿದೆ. ಅದರ ಮೇಲೆ ಆಳವಾಗಿ ಒತ್ತಿದ ಒಂದು ಹೆಬ್ಬೆರಳಿನ ಗುರುತು, ಗೆರೆಗಳೂ ಕಾಣುತ್ತವೆ. ಪಕ್ಕದಲ್ಲಿ ಉಗುರಿನ ಬಾಗಿದ ಗೀರು. ಅಪ್ಪ ಆ ಪೆಟ್ಟಿಗೆ ಮಾಡುವಾಗ ಮೊದಲು ಕೊರೆದದ್ದು ಈ ತುಂಡಿನ ಗೂಡನ್ನೇ. ಕೂದಲೆಳೆಯ ಸಂದೂ ಬಿಡದಂತೆ ಅಳತೆ ಹಿಡಿದಿದ್ದ. ಮಿಕ್ಕ ಗೂಡುಗಳೆಲ್ಲ ಅದರ ಸುತ್ತ ಬಂದವು.

ಅದು ಸಿಕ್ಕ ದಿನ ಹಲ್ಲಕ್ಕನಿಗೆ ನಿನ್ನೆಯಷ್ಟು ಸ್ಪಷ್ಟ. ಅಪ್ಪ ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳಿಗೆ ಬೆನ್ನು ಮಾಡಿ, ತೊಳೆದದ್ದನ್ನೇ ತೊಳೆಯುತ್ತಿದ್ದ. ಅವಳಿಗೆ ಹಸಿವು, ಅವನಿಗೆ ಏಳುವ ಯೋಚನೆಯೇ ಇಲ್ಲ. ಕೊನೆಗೆ ಅವಳೇ ಹೋಗಿ ಇಣುಕಿ, "ಯಾರದಪ್ಪ ಈ ಬೆರಳು?" ಅಂದಳು.

"ತುಂಬ ಹಳೇದು ಮಗಳೇ."

"ಸಾವಿರ ವರ್ಷದ್ದಾ?"

"ಆಗಿರಬಹುದು," ಅಂದ ಅಪ್ಪ.

ಅಷ್ಟೇ ಸಾಕಾಯಿತು. ಆಗಷ್ಟೇ ಅಕ್ಷರ ಕಲಿತಿದ್ದ ಹುಡುಗಿ ಮನೆಗೆ ಬಂದವಳೇ ಚೀಟಿ ಬರೆದಳು: 'ಸಾವಿರ ವರ್ಷದ ಹಿಂದಿನ ಅಜ್ಜಿಯ ಹೆಬ್ಬೆಟ್ಟು.' ಅವತ್ತಿನಿಂದ ಅದು ಹೆಬ್ಬೆಟ್ಟಜ್ಜಿ. ಉಗುರಿನ ಗೀರು ಅಜ್ಜಿಯ ನಗು. ಪುಟ್ಟ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟರೆ ಮುಳುಗಿಯೇ ಹೋಗುತ್ತಿತ್ತು. ಶಾಲೆಗೆ ಹೋಗುವ ಮೊದಲು ಅಪ್ಪನ ಕೆಲಸದ ಕೋಣೆಗೆ ಓಡಿ, ಬೆರಳಿಟ್ಟು, ಅಜ್ಜಿಗೆ ಹೇಳಿಯೇ ಹೊರಡಬೇಕು. ಅಮ್ಮ ತೀರಿಹೋದಾಗ ಅವಳಿನ್ನೂ ಮಾತು ಕಲಿಯುತ್ತಿದ್ದ ಮಗು, ಮುಖವೂ ನೆನಪಿಲ್ಲ. ಅಮ್ಮನ ಸುದ್ದಿ ಎತ್ತಿದರೆ ಅಪ್ಪ ಅರ್ಧ ಊಟದಲ್ಲಿ ಎದ್ದುಬಿಡುತ್ತಿದ್ದ. ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ಪರೀಕ್ಷೆಯ ಭಯ, ಗೆಳತಿಯ ಜಗಳ, ಮೊದಲ ಸಲ ಹೊಟ್ಟೆನೋವು ಬಂದದ್ದು, ಎಲ್ಲವನ್ನೂ ಅವಳು ಹೇಳಿಕೊಂಡದ್ದು ಆ ಮಣ್ಣಿನ ತುಂಡಿಗೆ. ದೊಡ್ಡವಳಾದ ಮೇಲೆ ಬೆರಳಿಡುವುದು ನಿಂತಿತು. ನಾಚಿಕೆ, ಇನ್ನೇನು.

ಈಗ ವಸ್ತುಸಂಗ್ರಹಾಲಯದ ಹುಡುಗಿ ಆ ತುಂಡನ್ನು ಮಗುಚಿ, ಬದಿಯಲ್ಲಿ ಭೂತಗನ್ನಡಿ ಹಿಡಿದು ನೋಡಿದಳು. ಮುಖ ಸಪ್ಪಗಾಯಿತು.

"ಮೇಡಂ, ಇದು ಹೆಂಚು."

"ಯಾವ ಹೆಂಚು?"

"ಛಾವಣಿ ಹೆಂಚು. ಇಲ್ಲಿ ನೋಡಿ, ನೇರವಾದ ತೋಡು. ಯಂತ್ರದ ಅಚ್ಚಿನದು. ಬಹಳ ಅಂದ್ರೆ ಅರವತ್ತು ವರ್ಷ. ಆ ಹಳ್ಳದ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ಇತ್ತಲ್ಲ, ಅದರದೇ ಇರಬೇಕು."

ಹಲ್ಲಕ್ಕ ಕನ್ನಡಕ ಏರಿಸಿ ನೋಡಿದಳು. ತೋಡು ಇತ್ತು, ಅಚ್ಚಿನ ಗೆರೆಯೂ ಇತ್ತು. ದಿನ ಬೆಳಗಾದರೆ ಅಚ್ಚು ತೆಗೆಯುವವಳ ಕಣ್ಣಿಗೇ ಅದು ಇಷ್ಟು ವರ್ಷ ಬಿದ್ದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

"ಆದ್ರೂ ನಡುವಿನ ಗೂಡು ಇದರದು," ಅಂದಳು. ತನ್ನ ದನಿ ತನಗೇ ಚಿಕ್ಕ ಹುಡುಗಿಯದರ ಹಾಗೆ ಕೇಳಿಸಿತು.

"ವಯಸ್ಸು ದೊಡ್ಡದಲ್ಲ ಮೇಡಂ. ನೆನ್ನೆಯ ವಸ್ತುವನ್ನೂ ಇಡಬಹುದು. ಆದ್ರೆ ಯಾರು ಮಾಡಿದ್ದು, ಯಾಕೆ ಇಲ್ಲಿದೆ ಅಂತ ಏನಾದ್ರೂ ಗೊತ್ತಿರಬೇಕು. ಕಾರ್ಖಾನೇಲಿ ನೂರಾರು ಜನ ಕೆಲಸ ಮಾಡಿದಾರೆ. ನೀವೇ ಹೇಳಿ, ಚೀಟಿಯಲ್ಲಿ ಏನಂತ ಬರೀಲಿ?"

ಹಲ್ಲಕ್ಕ ಸೆರಗಿನಲ್ಲಿ ತುಂಡನ್ನು ಸುತ್ತಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಸಿಟ್ಟು: ಹುಡುಗಿಯ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಯಾವನೋ ಕೆಲಸಗಾರ ಅವಸರದಲ್ಲಿ ಕೈಯೂರಿದ ಹೆಂಚಿಗೆ ತಾನು ಬಾಲ್ಯವನ್ನೆಲ್ಲ ಒಪ್ಪಿಸಿಬಿಟ್ಟಿದ್ದಳು. ಇದ್ದೊಬ್ಬ ಅಜ್ಜಿಯೂ ಹೋದಳು ಅನ್ನಿಸಿತು.

ಮರುದಿನ ಚಿಕ್ಕಮ್ಮ ಬಂದಳು, ಅಮ್ಮನ ತಂಗಿ. ದೂರದ ಊರಿಗೆ ಮದುವೆಯಾಗಿ ಹೋದವಳು, ಈ ಮನೆಗೆ ಬಂದದ್ದೇ ಅಪರೂಪ. ಬಂದರೂ ನಡುಮನೆಯಿಂದ ಅಡುಗೆಮನೆ, ಅಷ್ಟೇ. ಅಪ್ಪನ ಕೆಲಸದ ಕೋಣೆ ಅವಳು ಕಂಡವಳಲ್ಲ. ಮಂಡಿನೋವು ಇದ್ದರೂ ಭಾವನ ಪೆಟ್ಟಿಗೆ ನೋಡಲೇಬೇಕು ಅಂತ ಬಸ್ಸು ಹತ್ತಿದ್ದಳು. ಅಡುಗೆಮನೆಯ ಮೇಜಿನ ಮುಂದೆ ಕೂತು, ಬಸ್ಸಿನ ಡ್ರೈವರಿನಿಂದ ಹಿಡಿದು ಪಕ್ಕದ ಸೀಟಿನವಳ ಗೊರಕೆಯವರೆಗೆ ಎಲ್ಲವನ್ನೂ ಬೈದು ಮುಗಿಸಿದಳು. ಹಲ್ಲಕ್ಕ ಚಹಾ ಸೋಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಬೆನ್ನ ಹಿಂದೆ ಮಾತು ನಿಂತಿತು.

ತಿರುಗಿ ನೋಡಿದರೆ ಚಿಕ್ಕಮ್ಮ ಈರುಳ್ಳಿ ಬುಟ್ಟಿಯ ಪಕ್ಕದಲ್ಲಿ ಬಿದ್ದಿದ್ದ ಹೆಬ್ಬೆಟ್ಟಜ್ಜಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ.

"ಇದು ಎಲ್ಲಿ ಸಿಕ್ತೇ ನಿಂಗೆ?"

"ಅಪ್ಪಂಗೆ ಸಿಕ್ಕಿದ್ದು, ಹಳ್ಳದಲ್ಲಿ. ಬಿಡಿ ಚಿಕ್ಕಮ್ಮ, ಬರೀ ಹೆಂಚಂತೆ."

"ಹೆಂಚೇ ಕಣೇ. ಅಕ್ಕನ ಹೆಂಚು." ಚಿಕ್ಕಮ್ಮನ ಬೆರಳು ಉಗುರಿನ ಗೀರಿನ ಮೇಲೆ ನಿಂತಿತ್ತು. "ನಾವಿಬ್ಬರೂ ಅಲ್ಲೇ ಕೆಲಸಕ್ಕೆ ಇದ್ದದ್ದು. ಅಚ್ಚಿನಿಂದ ಬಂದ ಹಸಿ ಹೆಂಚಿನ ಅಂಚು ಕತ್ತರಿಸಿ ಒಣಗೋಕೆ ಇಡೋದು. ಯಾವ ಹೆಂಚು ಯಾರ ಕೈದು ಅಂತ ತಿಳೀಬೇಕಲ್ಲ, ಒಬ್ಬೊಬ್ಬರದು ಒಂದೊಂದು ಗುರುತು. ನಾನು ಬಳೆ ಒತ್ತುತಿದ್ದೆ. ಅಕ್ಕ ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿ ಉಗುರಿಂದ ಹೀಗೊಂದು ಗೀರು. ಇಡೀ ಕಾರ್ಖಾನೇಲಿ ಹೀಗೆ ಮಾಡ್ತಿದ್ದೋಳು ಅವಳೊಬ್ಬಳೇ. ಯಾಕೇ ಅಂದ್ರೆ, ಇರಲಿ ಬಿಡು, ನಗ್ತಾ ಇದ್ದ ಹಾಗೆ ಕಾಣುತ್ತೆ ಅನ್ನೋಳು."

ಹಲ್ಲಕ್ಕ ಚಹಾದ ಪಾತ್ರೆಯನ್ನು ಎಲ್ಲಿ ಇಟ್ಟಳೋ ಅವಳಿಗೇ ಗೊತ್ತಿಲ್ಲ. ಅಮ್ಮ ಕಾರ್ಖಾನೆಗೆ ಹೋಗುತ್ತಿದ್ದಳು ಅಂತ ಕೇಳಿದ್ದಳು. ಏನು ಕೆಲಸ ಅಂತ ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಅಪ್ಪಂಗೆ ಇದು ಗೊತ್ತಿತ್ತಾ?"

"ಗೊತ್ತಿಲ್ದೆ ಏನು! ಅಕ್ಕ ಹೋಗಿ ತಿಂಗಳಾಗಿರಲಿಲ್ಲ, ಭಾವ ಕಾರ್ಖಾನೆ ಬಾಗಿಲಿಗೇ ಬಂದ್ರು. ಅವಳು ಮಾಡಿದ ಹೆಂಚು ಒಂದಾದ್ರೂ ಸಿಗುತ್ತಾ ಅಂದ್ರು. ಎಲ್ಲ ಲಾರಿ ಹತ್ತಿ ಎಲ್ಲೆಲ್ಲೋ ಹೋಗಿದಾವೆ ಭಾವ, ಯಾರ ಮನೆ ಮೇಲೆ ಅಂತ ಹುಡುಕ್ತೀರಿ ಅಂದೆ. ಒಡೆದದ್ದನ್ನ ಏನು ಮಾಡ್ತೀರಿ ಅಂದ್ರು. ಹಳ್ಳಕ್ಕೆ ಸುರೀತಾರೆ ಅಂತ ನಾನೇ ಹೇಳಿದ್ದು."

ಹಲ್ಲಕ್ಕ ಕುರ್ಚಿ ಎಳೆದು ಕೂತಳು. ಅಂದರೆ ಕಲ್ಲಿನ ಹುಚ್ಚು ಅಂತ ಊರೆಲ್ಲ ನಕ್ಕದ್ದು, ಅತ್ತೆ ಬೈದದ್ದು, ತಾನು ಹೆಮ್ಮೆಪಟ್ಟದ್ದು, ಯಾವುದೂ ಸರಿಯಲ್ಲ. ಚಿಪ್ಪು, ಹಲ್ಲು, ಬಾಣದ ಮೊನೆ, ಎಲ್ಲ ದಾರಿಯಲ್ಲಿ ಸಿಕ್ಕಿದವು. ಅಪ್ಪ ಹೊರಟದ್ದು ಬೇರೆಯದಕ್ಕೆ. ಪ್ರೀತಿಯೂ ಬಂತು, ಕೋಪವೂ ಬಂತು.

"ಒಂದು ಮಾತು ಹೇಳಿದ್ರೆ ಅಪ್ಪನ ಗಂಟೇನು ಹೋಗ್ತಿತ್ತು ಚಿಕ್ಕಮ್ಮ? ನಾನು ಇದನ್ನ ಅಜ್ಜಿ, ಅಜ್ಜಿ ಅಂತ..." ಮುಂದಕ್ಕೆ ಆಗಲಿಲ್ಲ, ಅತ್ತುಬಿಟ್ಟಳು. ಚಿಕ್ಕಮ್ಮ ಅವಳ ತಲೆ ಸವರಿದಳು.

ಅಳು ತಹಬಂದಿಗೆ ಬಂದ ಮೇಲೆ ಹಲ್ಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಫೋನ್ ಎತ್ತಿದಳು. ಹುಡುಗಿಗೆ ಹೇಳಬೇಕು: ಚೀಟಿಯಲ್ಲಿ ಬರೆಯುವುದು ಸಿಕ್ಕಿತು, ನಡುವಿನ ಗೂಡು ಖಾಲಿ ಬಿಡಬೇಡ. ಮಾಡಿದವಳು ಅಮ್ಮ, ಹುಡುಕಿದವನು ಅಪ್ಪ.

"ಅಲ್ವೇ," ಅಂದಳು ಚಿಕ್ಕಮ್ಮ, ತಣ್ಣಗಾದ ಚಹಾವನ್ನು ಗುಟುಕರಿಸುತ್ತ, "ಅಷ್ಟು ವರ್ಷ ಹುಡುಕಿದ್ರಲ್ಲ, ಸಿಕ್ಕಿದ್ದು ಇದೊಂದೇನಾ?"

ಹಲ್ಲಕ್ಕನ ಕೈ ಫೋನಿನ ಮೇಲೆ ಹಾಗೇ ನಿಂತಿತು. ಅಪ್ಪನ ಮಾತು ಕಿವಿಯಲ್ಲಿ ಕೇಳಿಸಿತು: ಬರಿಗೈಯಲ್ಲಿ ಬರಬಾರದು ಮಗಳೇ. ಅಂಚು ಕಟ್ಟೋಕೆ ಆಗುತ್ತಲ್ಲ.

ಅವಳು ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ಓಡಿದಳು. ಹೂವಿನ ಮಡಿಯ ಸುತ್ತ ಹೆಂಚಿನ ಚೂರುಗಳು ಒತ್ತೊತ್ತಾಗಿ ಮಲಗಿದ್ದವು, ಅಂಚಿಗೆ ಪಾಚಿ, ಸಂದಿನಲ್ಲಿ ಹುಲ್ಲು. ಮದುವೆಯಾಗಿ ಹೋಗುವಾಗ ಅವನ್ನು ದಾಟಿಕೊಂಡೇ ಹೋಗಿದ್ದಳು, ಗಂಡ ತೀರಿ ವಾಪಸ್ ಬಂದ ಮೇಲೂ ದಿನವೂ ದಾಟುತ್ತಿದ್ದಳು. ಬಟ್ಟೆ ಒಣಹಾಕುವಾಗ ಎಷ್ಟೋ ಸಲ ಎಡವಿ, ಇದನ್ನೆಲ್ಲ ಕಿತ್ತು ಸಿಮೆಂಟ್ ಹಾಕಿಸಬೇಕು ಅಂದುಕೊಂಡದ್ದೂ ಉಂಟು.

ಮಂಡಿಯೂರಿ ಮೊದಲನೆಯದನ್ನು ಎಬ್ಬಿಸಿದಳು. ಕೆಳಗಿನಿಂದ ಎರೆಹುಳವೊಂದು ಗಾಬರಿಯಾಗಿ ಒಳಗೆ ಸರಿಯಿತು. ಮಗುಚಿ, ಅಂಗೈಯಿಂದ ಮಣ್ಣು ಸವರಿದಳು. ಹೆಬ್ಬೆಟ್ಟು, ಪಕ್ಕದಲ್ಲಿ ನಗು.

ಎರಡನೆಯದರಲ್ಲಿ ಅರ್ಧ ಹೆಬ್ಬೆಟ್ಟು, ಪೂರ್ತಿ ನಗು. ಮೂರನೆಯದರಲ್ಲಿ ಗೀರು ಮಾತ್ರ. ಅದರ ಮುಂದಿನದು, ಅದರ ಮುಂದಿನದು, ಒಂದೂ ತಪ್ಪಲಿಲ್ಲ. ಒಂದರಲ್ಲಿ ಮಾತ್ರ ಬಳೆಯ ದುಂಡು ಗುರುತು ಇತ್ತು. ಅದನ್ನು ಎತ್ತಿ ಬಾಗಿಲಲ್ಲಿ ಬಂದು ನಿಂತಿದ್ದ ಚಿಕ್ಕಮ್ಮನಿಗೆ ತೋರಿಸಿದಳು. "ನನ್ನದೂ ತಂದಿದಾರಾ ಭಾವ!" ಅಂತ ಆ ಮುದುಕಿ ಬಾಯಿಗೆ ಕೈ ಹಚ್ಚಿಕೊಂಡಳು.

ಅಪ್ಪ ಎಲ್ಲವನ್ನೂ ಗುರುತು ಕೆಳಗೆ ಮಾಡಿ ಮಲಗಿಸಿದ್ದ. ಮಳೆಗೆ ಸವೆಯದಿರಲಿ ಅಂತಲೋ, ಮಗಳ ಕಣ್ಣಿಗೆ ಬೀಳದಿರಲಿ ಅಂತಲೋ, ಕೇಳುವುದಕ್ಕೆ ಈಗ ಅವನಿಲ್ಲ. ನೋಡಿದ ಕಲ್ಲನ್ನು ಮತ್ತೆ ಹಾಗೇ ಮಲಗಿಸಬೇಕು ಅನ್ನುವುದು ಹಳ್ಳದ ನಿಯಮ. ಹಲ್ಲಕ್ಕ ಹುಟ್ಟಿದಂದಿನಿಂದ ಮೊದಲ ಸಲ ಅದನ್ನು ಮುರಿದಳು. ಒಂದೊಂದನ್ನೂ ಮಗುಚಿ, ಮುಖ ಮೇಲೆ ಮಾಡಿ, ಅದೇ ಜಾಗದಲ್ಲಿ ಕೂರಿಸುತ್ತ ಹೋದಳು.

ಮಡಿ ಒಂದು ಸುತ್ತು ಮುಗಿದಾಗ, ಯಾವುದೋ ಒಂದರ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟಳು. ಚಿಕ್ಕಂದಿನಲ್ಲಿ ಮುಳುಗಿಹೋಗುತ್ತಿದ್ದ ಬೆರಳು ಈಗ ಒಳಗೆ ಹಿಡಿಸಲಿಲ್ಲ, ಎರಡೂ ಕಡೆ ಹೊರಗೆ ಉಳಿಯಿತು. ಸಾವಿರ ವರ್ಷದ ಅಜ್ಜಿ ಅಂತ ಅವಳು ಕಷ್ಟಸುಖ ಹೇಳಿಕೊಂಡದ್ದು, ತನಗಿಂತ ಎಷ್ಟೋ ಚಿಕ್ಕ ಬೆರಳಿನ, ಇನ್ನೂ ಮೂವತ್ತು ತುಂಬದ ಒಬ್ಬ ಹುಡುಗಿಗೆ.