ಆಂಡಾಳ್ ಕೊಟ್ಟ ಉದಾಹರಣೆಗಳು

ಓಡೈಪಟ್ಟಿಯಿಂದ ದಿಂಡುಕ್ಕಲ್ಲಿಗೆ ಹೋಗಿ ಓದಿ, ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂತ ಮೊದಲಿಗ ವೇಲು. ಕೂತದ್ದು ನಿಜ, ಪಾಸಾಗಲಿಲ್ಲ. ಗಣಿತ, ಭೂಗೋಳ, ಇಂಗ್ಲಿಷು ಎಲ್ಲವನ್ನೂ ದಾಟಿಬಂದವನು ತಮಿಳು ಪತ್ರಿಕೆಯಲ್ಲಿ ಮುಗ್ಗರಿಸಿದ. ಅಲಂಕಾರಗಳ ಹೆಸರು ಕೊಟ್ಟು, ಒಂದೊಂದಕ್ಕೂ ಸ್ವಂತ ಉದಾಹರಣೆ ಬರೆಯಿರಿ ಅಂದಿದ್ದರು. ವೇಲು ಉಪಮೆಗೆ ಬರೆಯಬೇಕಾದ್ದನ್ನು ಉತ್ಪ್ರೇಕ್ಷೆಗೆ ಬರೆದ. ರೂಪಕಕ್ಕೆ ಏನೂ ಹೊಳೆಯದೆ ಅದರ ಲಕ್ಷಣವನ್ನೇ ಎರಡು ಸಲ ಬರೆದು ಎದ್ದುಬಂದ.

ಅದು ೧೮೯೬ರ ಕೊನೆ. ಪಾಸಾಗುವುದಿಲ್ಲವೆಂದು ಫಲಿತಾಂಶ ಬರುವ ಮುಂಚೆಯೇ ಅವನಿಗೆ ಗೊತ್ತಾಗಿತ್ತು. ಮುಂದಿನ ಪರೀಕ್ಷೆಗೆ ಇನ್ನೊಂದು ವರ್ಷ. ಪುಸ್ತಕದ ಗಂಟು ಹೊತ್ತುಕೊಂಡು ಊರಿಗೆ ಬಂದವನನ್ನು ತಾಯಿ ಓಚ್ಚಮ್ಮಾಳ್ ಬೈಯಲಿಲ್ಲ. "ಓದಿದ್ದು ಎಲ್ಲಿಗೂ ಓಗಲ್ಲ, ಬಾ, ಜೋಳಕ್ಕೆ ನೀರು ಕಟ್ಟು" ಅಂದಳು. ಬೆಳಿಗ್ಗೆ ಹೊಲ, ಮಧ್ಯಾಹ್ನ ಓದು ಎಂದಾಯಿತು. ಸಂಕ್ರಾಂತಿಯಿಂದ ಶುರುವಾಗುವ ತೈ ತಿಂಗಳಲ್ಲಿ ಮದುವೆಯನ್ನೂ ಮಾಡಿದಳು. ಹುಡುಗಿ ಬೇರೆ ಯಾರೂ ಅಲ್ಲ, ಓಚ್ಚಮ್ಮಾಳ್‌ಳ ತಮ್ಮನ ಮಗಳು ಆಂಡಾಳ್.

ಅವರ ಮನೆಮಾತು ಕನ್ನಡ. ಯಾವ ಕಾಲದಲ್ಲೋ ಬಡಗಲಿಂದ ದನ ಹೊಡೆದುಕೊಂಡು ಬಂದು ಈ ಕಂಬಂ ಕಣಿವೆಯಲ್ಲಿ ನಿಂತ ಒಕ್ಕಲು ಅವರದು. ಅವರ ಮಾತಿನಲ್ಲಿ 'ಹ' ಎಂದೋ ಉದುರಿಹೋಗಿತ್ತು, ತಮಿಳು ಬೇಕಾದಷ್ಟು ಬಂದು ಸೇರಿತ್ತು. ಬರೆಯುವುದು, ಓದುವುದು ಎಲ್ಲ ತಮಿಳಿನಲ್ಲಿ. ಬೈಯುವುದು, ಹಾಡುವುದು, ಮುದ್ದಿಸುವುದು ಮಾತ್ರ ಕನ್ನಡದಲ್ಲಿ. ಆಂಡಾಳ್‌ಗೆ ಎರಡರಲ್ಲೂ ಒಂದಕ್ಷರ ಬಾರದು.

ಮಧ್ಯಾಹ್ನದ ಗಂಜಿ ಆದಮೇಲೆ ವೇಲು ಬಾಗಿಲ ಮುಂದಿನ ತಿಣ್ಣೆಯ ಮೇಲೆ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದ. ಹೊಸ ಸೊಸೆ ಹಗಲು ಹೊತ್ತು ಗಂಡನ ಜೊತೆ ಮಾತಾಡುವ ಹಾಗಿಲ್ಲ. ಆಂಡಾಳ್ ಬಾಗಿಲ ಒಳಗೆ ಗೋಡೆಗೆ ಒರಗಿ ಕೂತು, ಹತ್ತಿಯಿಂದ ಬೀಜ ಬಿಡಿಸುತ್ತಿದ್ದಳು. ಗೋಡೆಯ ಆಚೆಯಿಂದ ಹತ್ತು ದಿನವೂ ಅದೇ ಮಾತು ಕೇಳಿ ಕೇಳಿ ಅವಳಿಗೆ ತಡೆಯಲಾಗಲಿಲ್ಲ, ಚಿಕ್ಕಂದಿನ ಹಾಗೆ ಗಂಡನನ್ನು ಮಾವ ಎಂದು ಕೂಗಿಬಿಟ್ಟಳು.

"ಮಾವ, ಆ ಎಣ್ಣಿಗೆ ಏನು ಕಾಯಿಲೆ?"

ವೇಲು ಬೆಚ್ಚಿ ಸುತ್ತ ನೋಡಿದ. "ಯಾವ ಎಣ್ಣಿಗೆ?"

"ಚಂದ್ರನಂಗೆ ಮೊಗ ಅಂತೀಯಲ್ಲ, ಅವಳಿಗೆ. ಚಂದ್ರನ ಮೈಯೆಲ್ಲ ಕಲೆ. ಅಮ್ಮ ಆಗಿ ಎದ್ದವಳಾ?"

ವೇಲು ನಕ್ಕುಬಿಟ್ಟ. ಸಿಡುಬೂ ಅಲ್ಲ, ಏನೂ ಅಲ್ಲ, ಮುಖ ಚಂದ್ರನ ಹಾಗೆ ಹೊಳೆಯುತ್ತದೆ ಅನ್ನುವುದು ಉಪಮೆ. ಯಾವುದನ್ನು ಹೋಲಿಸಿದೆವು, ಯಾವುದಕ್ಕೆ ಹೋಲಿಸಿದೆವು, ಎರಡರಲ್ಲೂ ಇರುವ ಗುಣ ಯಾವುದು, 'ಹಾಗೆ' ಅನ್ನುವ ಮಾತು ಯಾವುದು ಎಂದು ನಾಲ್ಕು ಭಾಗ ಇರಬೇಕು ಅಂತ ವಿವರಿಸಿದ.

ಗೋಡೆಯ ಆಚೆಯಿಂದ ದನಿ ಬಂತು. "ಅತ್ತೆ ಕೋಪ ಜೋಳದ ಗಂಜಿಯಂಗೆ. ಉಕ್ಕಿದಾಗ ಭಯ, ಆರಿದ್ರೆ ಒಟ್ಟೆಗೆ ತಂಪು."

ವೇಲು ಬೆರಳು ಮಡಚಿ ಎಣಿಸಿದ. ಕೋಪ, ಗಂಜಿ, ಉಕ್ಕುವುದು-ಆರುವುದು, ಅಂಗೆ. ನಾಲ್ಕೂ ಇದ್ದವು! ಪುಸ್ತಕ ಕೆಳಗಿಟ್ಟು ಬಾಗಿಲ ಕಡೆ ತಿರುಗಿದ. "ಅದೇ ಮಾತನ್ನ 'ಅಂಗೆ' ಇಲ್ದೆ ಯೋಳು ನೋಡೋಣ."

"ಅತ್ತೆ ಗಂಜಿ ಮಡಕೆನೇ. ಉಕ್ಕಿದ್ರೆ ದೂರ ನಿಂತ್ಕೋ."

"ಅದು ರೂಪಕ! ಎರಡೂ ಬೇರೆ ಅಲ್ಲ, ಒಂದೇ ಅಂದ್ಬಿಡೋದು. ಈಗ ಇನ್ನೊಂದು. ಇಲ್ಲದ್ದನ್ನ ಊಹೆ ಮಾಡಿ ಯೋಳ್ಬೇಕು, ಉತ್ಪ್ರೇಕ್ಷೆ."

ಆಂಡಾಳ್ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು. ಪಡುವಣ ಬೆಟ್ಟದ ತಲೆಗೆ ಬಿಳಿ ಮೋಡ ಅಂಟಿಕೊಂಡಿತ್ತು. "ಬೆಟ್ಟಕ್ಕೆ ತಲೆನೋವೇನೋ, ಒದ್ದೆ ಬಟ್ಟೆ ಆಕ್ಕೊಂಡು ಕೂತದೆ."

ಒಂದು ವರ್ಷ ದಿಂಡುಕ್ಕಲ್ಲಿನ ತಮಿಳು ಪಂಡಿತರು ಹೇಳಿದರೂ ತಲೆಗೆ ಹೋಗದ್ದು ವೇಲುವಿಗೆ ಅರೆಗಳಿಗೆಯಲ್ಲಿ ಹೋಯಿತು. ಆಂಡಾಳ್ ಅದಕ್ಕೊಂದು ಗುರುತನ್ನೂ ಮಾಡಿಕೊಟ್ಟಳು. "ಬಾಲ ನೋಡು ಮಾವ, ಸಾಕು. ಅಂಗೆ ಅಂದ್ರೆ ಉಪಮೆ, ನೇ ಅಂದ್ರೆ ರೂಪಕ, ಏನೋ ಅಂದ್ರೆ ಆ ಮೂರನೇದು. ದನಾನೂ ಬಾಲ ನೋಡಿಯೇ ಗುರುತಿಸಲ್ವಾ?"

ಆಗಲೇ ಅವಳ ಹಿಂದೆ ಮೊರ ಹಿಡಿದುಕೊಂಡು ಓಚ್ಚಮ್ಮಾಳ್ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಯಾರು ಗಂಜಿ ಮಡಕೆ?"

ಆಂಡಾಳ್‌ಳ ಕೈಯಲ್ಲಿದ್ದ ಹತ್ತಿ ಜಾರಿ ಬಿತ್ತು. ವೇಲು ಎದ್ದು ನಿಂತ. "ಅವ್ವಾ, ಅದು ಪರೀಕ್ಷೆಗೆ. ಅಲಂಕಾರ."

"ನನ್ನ ಕೋಪ ಆರಿದ್ರೆ ಒಟ್ಟೆಗೆ ತಂಪು ಅಂದ್ಳಲ್ಲ, ಅದೂ ಅಲಂಕಾರವಾ?"

"ಊಂ ಅವ್ವಾ."

ಓಚ್ಚಮ್ಮಾಳ್ ಯೋಚಿಸಿದಳು. "ಸರಿ. ಆ ತಂಪಿಂದು ಬರ್ಕೋ. ಉಕ್ಕೋದು ಬರೀಬೇಡ." ಒಳಗೆ ಹೋಗುತ್ತ ತಿರುಗದೆಯೇ ಇನ್ನೊಂದು ಮಾತು ಸೇರಿಸಿದಳು. "ಏ ಆಂಡಾ, ಅತ್ತಿ ಬಿಡಿಸೋಗಂಟ ಮಾತ್ರ ಮಾತು. ಆಮೇಲೆ ಬಾಯಿ ಮುಚ್ಚಬೇಕು."

ಅಂದಿನಿಂದ ಆ ಮನೆಯಲ್ಲಿ ಹತ್ತಿ ಬಿಡಿಸುವ ಕೆಲಸ ಬಹಳ ನಿಧಾನವಾಯಿತು.

ಒಂದು ಅಲಂಕಾರ ಮಾತ್ರ ಅವರಿಬ್ಬರಿಗೂ ಕೈಕೊಟ್ಟಿತು. ಶ್ಲೇಷೆ, ಒಂದೇ ಮಾತಿನಲ್ಲಿ ಎರಡು ಅರ್ಥ ಅಡಗಿರುವುದು. ಆಂಡಾಳ್ ತಕ್ಷಣ, "ನಿನ್ನ ಆಡು ಕೇಳಿ ಬಂದೆ, ಎಲ್ಲಿ ಕಟ್ಟಿದ್ದೀಯ?" ಅಂದಳು. ಅವರ ಮಾತಿನಲ್ಲಿ ಹಾಡುವುದೂ ಆಡು, ಮೇಯುವುದೂ ಆಡು. ವೇಲು ಬಿದ್ದು ಬಿದ್ದು ನಕ್ಕ, ಆಮೇಲೆ ಮುಖ ಸಣ್ಣದು ಮಾಡಿದ. ಪರೀಕ್ಷೆ ತಮಿಳಿನಲ್ಲಿ. ತಮಿಳಿನ ಆಡು ಮೇಯುತ್ತದೆ, ಹಾಡಾಗುವುದಿಲ್ಲ. ಎಷ್ಟು ಹುಡುಕಿದರೂ ಎರಡು ಮಾತಿಗೂ ಒಗ್ಗುವ ಶ್ಲೇಷೆ ಅವರಿಗೆ ಸಿಗಲಿಲ್ಲ.

ಗಣೇಶನ ಹಬ್ಬದ ಆವಣಿ ತಿಂಗಳಲ್ಲಿ ವೇಲುವಿನ ತಂಗಿ ದೈವಾನೈಗೆ ಮದುವೆ ಕೂಡಿಬಂತು. ಗಂಡು ಆಂಡಿಪಟ್ಟಿಯವನು, ಒಳ್ಳೆಯವನು. ಹೆದರಿಕೆ ಇದ್ದದ್ದು ಅವನ ಸೋದರತ್ತೆ ಕರುಪ್ಪಾಯಿಯ ಬಗ್ಗೆ. ಮದುವೆ ಊಟದ ಹೊತ್ತಿಗೆ ಎರಡೂ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಹಾಡಿನಲ್ಲಿ ಹಂಗಿಸುವುದು ವಾಡಿಕೆ. ಹಾಡಿಗೆ ಹಾಡು ಹೇಳಲಾರದೆ ಸುಮ್ಮನಾದ ಕಡೆಯವರು ಸೋತಂತೆ. ಕರುಪ್ಪಾಯಿ ಇಪ್ಪತ್ತು ವರ್ಷದಿಂದ ಯಾರ ಮದುವೆಯಲ್ಲೂ ಸೋತಿರಲಿಲ್ಲ. ಸೋತ ಮನೆಯ ಹುಡುಗಿಯನ್ನು ಗಂಡನ ಊರಿನಲ್ಲಿ ವರ್ಷಗಟ್ಟಲೆ ಆ ಹಾಡಿನಿಂದಲೇ ಕರೆಯುತ್ತಿದ್ದರು. ದೈವಾನೈಗೆ ಆ ಚಿಂತೆಯಲ್ಲಿ ಎರಡು ದಿನ ಅನ್ನ ಸೇರಲಿಲ್ಲ.

"ನಾನಿದ್ದೀನಿ" ಅಂದಿದ್ದಳು ಓಚ್ಚಮ್ಮಾಳ್. ಅವಳೂ ಹಾಡುಗಾತಿಯೇ. ಆದರೆ ಅಡುಗೆಯವರ ಮೇಲೆ ಎರಡು ದಿನ ಕೂಗಾಡಿ, ಮದುವೆಯ ಬೆಳಿಗ್ಗೆ ಅವಳ ಗಂಟಲು ಪೂರ್ತಿ ಕಟ್ಟಿತ್ತು.

ಚಪ್ಪರದಡಿ ಗಂಡಿನ ಕಡೆಯವರು ಊಟಕ್ಕೆ ಕೂತರು. ಎರಡು ಸಲ ಅನ್ನ ಬಡಿಸಿಯಾಯಿತು. ಕರುಪ್ಪಾಯಿ ಎಲೆಯಿಂದ ಕೈ ಎತ್ತಿ, ಹಲ್ಲಿಗೆ ಸಿಕ್ಕ ಒಂದು ಕಲ್ಲನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಸಾವಕಾಶವಾಗಿ ಶುರುಮಾಡಿದಳು.

"ಕಲ್ಲು ಕಲ್ಲು ಅನ್ನದೊಳಗೆ, ಓಡೈಪಟ್ಟಿ ಬೀಗರೇ,
ಅಲ್ಲು ಮುರಿದು ಕೈಗೆ ಬಂತು, ಓಡೈಪಟ್ಟಿ ಬೀಗರೇ,
ಬೆಲ್ಲ ಕೇಳಿದ್ರೆ ಬೆರಳು ತೋರ್ತೀರಿ, ಓಡೈಪಟ್ಟಿ ಬೀಗರೇ,
ಸೊಲ್ಲು ಮಾತ್ರ ಸಕ್ಕರೆ ನಿಮ್ದು, ಓಡೈಪಟ್ಟಿ ಬೀಗರೇ!"

ಆಂಡಿಪಟ್ಟಿಯವರೆಲ್ಲ ಹೋ ಅಂದರು. ಕಲ್ಲು, ಅಲ್ಲು, ಬೆಲ್ಲ, ಸೊಲ್ಲು: ಸಾಲು ಸಾಲಿನ ಎರಡನೆಯ ಅಕ್ಷರವನ್ನು ಅವಳು ಹೊಂದಿಸಿದ ರೀತಿಗೆ, ನೀರು ಬಡಿಸುತ್ತಿದ್ದ ವೇಲುವೂ ಒಳಗೊಳಗೆ ತಲೆದೂಗಿದ. ಇದಕ್ಕೆ ಪ್ರಾಸ ಅನ್ನುತ್ತಾರೆ ಎಂದು ಅವನು ಮೊನ್ನೆ ತಾನೇ ಹೆಂಡತಿಗೆ ಹೇಳಿದ್ದ.

ಓಚ್ಚಮ್ಮಾಳ್ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಪಟ್ಟಳು. ಎದುರಿನ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದಿತು. ಮಣೆಯ ಮೇಲೆ ಕೂತಿದ್ದ ದೈವಾನೈ ಕಣ್ಣು ಮುಚ್ಚಿಕೊಂಡಳು.

ಆಂಡಾಳ್ ಆಗ ಅನ್ನದ ಕುಕ್ಕೆ ಹಿಡಿದು ಕಂಬದ ಪಕ್ಕ ನಿಂತಿದ್ದಳು. ಎಂಟು ತಿಂಗಳ ಸೊಸೆ ಹಿರಿಯರ ಮುಂದೆ ದನಿ ಎತ್ತಿದ್ದನ್ನು ಆ ಊರು ಕಂಡಿರಲಿಲ್ಲ. ಅವಳು ಅತ್ತೆಯ ಮುಖ ನೋಡಿದಳು. ಓಚ್ಚಮ್ಮಾಳ್ ಗಲ್ಲವನ್ನು ಮುಂದಕ್ಕೆ ತಳ್ಳಿ ಸನ್ನೆ ಮಾಡಿದಳು. ಊಂ, ನಡಿ. ಆಂಡಾಳ್ ಕುಕ್ಕೆ ಇಳಿಸಿ, ಸೆರಗು ಸಿಕ್ಕಿಸಿಕೊಂಡಳು. ಮೊದಲ ಸಾಲು ಎತ್ತಿದಳು.

"ಬೆಟ್ಟದಂಥ ಮನಸು ನಿಮ್ದು, ಆಂಡಿಪಟ್ಟಿ ಬೀಗರೇ,"

"ಆಂ, ಒಬ್ಬಳಿಗಾದ್ರೂ ಬುದ್ಧಿ ಅದೆ" ಅಂದಳು ಕರುಪ್ಪಾಯಿ. ಹೊಗಳಿಕೆ ಕೇಳಿ ಅವಳ ಕಡೆಯವರು ನೆಟ್ಟಗೆ ಕೂತರು. ಓಡೈಪಟ್ಟಿಯವರ ಮುಖ ಬಾಡಿತು. ವೇಲುವಿಗೊಬ್ಬನಿಗೆ ಹೊಳೆಯಿತು. ಹೊಗಳಿದ ಹಾಗೆ ಮಾಡಿ ತೆಗಳುವುದು, ವ್ಯಾಜಸ್ತುತಿ! ಆ ವಾರವೆಲ್ಲ ಅದನ್ನೇ ಅಲ್ಲವೇ ಅವರು ಓದಿದ್ದು?

"ಇಟ್ಟ ಅನ್ನ ಬಿಡ್ಲಿಲ್ಲ ನೀವು, ಕಲ್ಲೂ ಬಿಡ್ಲಿಲ್ಲ ಬೀಗರೇ,
ಅಟ್ಟಿ ನಾಯಿಗೆ ಉಪಾಸದ ಪುಣ್ಯ ಕೊಟ್ಟುಬಿಟ್ರಿ ಬೀಗರೇ,
ಕೊಟ್ಟ ಎಲೆನೂ ತೊಳೆದಂಗಿಟ್ರಿ, ಏನು ದಯೆ ಬೀಗರೇ!"

ಎಲ್ಲರೂ ತಮ್ಮ ಮುಂದಿನ ಎಲೆ ನೋಡಿಕೊಂಡರು. ನಿಜಕ್ಕೂ ತೊಳೆದ ಹಾಗೇ ಇತ್ತು. ಮೊದಲು ನಕ್ಕವನು ಮದುಮಗ. ಆಮೇಲೆ ಅವನ ತಂದೆ, ಆಮೇಲೆ ಎರಡೂ ಊರು. ನಗುವ ಭರದಲ್ಲಿ ಯಾರೋ ಸಾರಿನ ಮಡಕೆಯನ್ನು ಉರುಳಿಸಿದರು, ಅದಕ್ಕೂ ನಕ್ಕರು.

ಕರುಪ್ಪಾಯಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಎಲೆಯ ತುದಿಗಿಟ್ಟಳು. "ನಿನ್ನ ಎಸರೇನು ಮಗಳೇ?"

"ಆಂಡಾಳ್, ಅಮ್ಮ."

ಆಂಡಾಳ್ ಎಂದರೆ ತಮಿಳಿನಲ್ಲಿ ಆಳಿದವಳು. ಮುದುಕಿ ಆ ಹೆಸರನ್ನು ಬಾಯೊಳಗೆ ಒಂದು ಸಲ ಹೊರಳಿಸಿಕೊಂಡು, ತೊಡೆ ತಟ್ಟಿ ಎತ್ತಿದಳು.

"ಕಂಡೋರುಂಟಾ ಇಂಥ ಸೊಸೆಯ, ಓಡೈಪಟ್ಟಿ ಬೀಗರೇ,
ಗಂಡನ್ನಾಂಡಾಳ್, ಅತ್ತೇನಾಂಡಾಳ್, ಓಡೈಪಟ್ಟಿ ಬೀಗರೇ,
ಉಂಡು ಓಗಾಕ್ ಬಂದ ನಮ್ಮ ಊರನಾಂಡಾಳ್ ಬೀಗರೇ!"

ಹೇಳಿ ಮುಗಿಸಿ ಅವಳೇ ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಎದ್ದುಬಂದು ಆಂಡಾಳ್‌ಳ ಗಲ್ಲ ಹಿಂಡಿ, "ಸೋತೆ ಅಂತ ಯೋಳಲ್ಲ. ನಾಳೆನೂ ಆಡೋಣ" ಅಂದಳು.

ನೀರಿನ ಚೊಂಬು ಹಿಡಿದಿದ್ದ ವೇಲು ಸಾಲಿನ ನಡುವೆಯೇ ನಿಂತುಬಿಟ್ಟಿದ್ದ. "ಶ್ಲೇಷೆ! ತಮಿಳಲ್ಲೂ ನಿಲ್ಲುತ್ತೆ!" ಎಂದು ಕೂಗಿದ. ಅವನ ಚೊಂಬಿನ ನೀರು ಬೀಗರ ತಲೆಯ ಮೇಲೆ ಸುರಿಯಿತು. ಯಾರಿಗೂ ಏನೂ ಅರ್ಥವಾಗಲಿಲ್ಲ, ಆಂಡಾಳ್ ಒಬ್ಬಳ ಹೊರತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಮಾರನೆಯ ದಿನ ಮಧ್ಯಾಹ್ನದವರೆಗೂ ಹಾಡು ನಡೆಯಿತು. ಯಾರು ಗೆದ್ದರೆಂದು ತೀರ್ಮಾನವಾಗಲಿಲ್ಲ. ದೈವಾನೈ ಗಾಡಿ ಹತ್ತುವಾಗ ಅಳಬೇಕಾಗಿತ್ತು. ಕರುಪ್ಪಾಯಿ ಅವಳ ಪಕ್ಕ ಕೂತು, "ನಿನ್ನ ಅತ್ತಿಗೆ ಆಡಿದ ಆ ಪಾಟು ನಂಗೆ ಇನ್ನೊಂದು ಸಲ ಯೋಳಿಕೊಡು" ಎಂದು ಪೀಡಿಸುತ್ತಿದ್ದುದರಿಂದ ಅಳಲು ಬಿಡುವೇ ಆಗಲಿಲ್ಲ.

ಡಿಸೆಂಬರಿನಲ್ಲಿ ವೇಲು ಮತ್ತೆ ಪರೀಕ್ಷೆಗೆ ಕೂತ. ಅಲಂಕಾರಗಳ ಹೆಸರು ಮತ್ತೆ ಬಂದವು. ಗಂಜಿ, ಮಡಕೆ, ಬೆಟ್ಟದ ತಲೆನೋವು, ನಾಯಿಯ ಉಪವಾಸ ಎಲ್ಲವನ್ನೂ ತಮಿಳಿಗೆ ತಿರುಗಿಸಿ ಬರೆದ. ಶ್ಲೇಷೆಗೆ ಕರುಪ್ಪಾಯಿಯ ಸಾಲು ಬರೆದು, ಇದು ಆಂಡಿಪಟ್ಟಿಯ ಒಬ್ಬ ಹಿರಿಯಳು ಹಾಡಿದ್ದು ಎಂದು ಪ್ರಾಮಾಣಿಕವಾಗಿ ಕೆಳಗೆ ಸೇರಿಸಿದ. ಶಿವರಾತ್ರಿಯ ಮಾಸಿ ತಿಂಗಳಲ್ಲಿ ಪಂಡಿತರಿಂದ ಕಾಗದ ಬಂತು. ಪಾಸು. "ಪತ್ರಿಕೆ ತಿದ್ದಿದವರು ನನ್ನನ್ನು ಕೇಳುತ್ತಿದ್ದಾರೆ, ನಿನ್ನ ಉದಾಹರಣೆಗಳು ಯಾವ ಗ್ರಂಥದವು? ನನಗೆ ತಿಳಿಯದು" ಎಂದು ಕೊನೆಯಲ್ಲಿ ಕೇಳಿದ್ದರು. ವೇಲು ಅದನ್ನು ಓದಿ ಹೇಳಿದಾಗ ಓಚ್ಚಮ್ಮಾಳ್ ನೆರೆಮನೆಗೆಲ್ಲ ಬೆಲ್ಲ ಹಂಚಿದಳು. ಹಂಚುತ್ತ, ಪರೀಕ್ಷೆಯಲ್ಲಿ ತನ್ನ ವಿಷಯವೇ ಬಂದಿತ್ತೆಂದೂ ಹೇಳಿಕೊಂಡಳು.

ಆ ಬೇಸಿಗೆಯಲ್ಲಿ ನಿಲಕ್ಕೋಟ್ಟೈಯ ಒಂದು ಶಾಲೆಯಲ್ಲಿ ವೇಲುವಿಗೆ ಕೆಲಸ ಸಿಕ್ಕಿತು. ಗಂಡ ಹೆಂಡತಿ ಗಾಡಿಯಲ್ಲಿ ಎರಡು ದಿನ ಸಾಗಿ ಅಲ್ಲಿ ಮನೆ ಹೂಡಿದರು. ಸುತ್ತ ಮಲ್ಲಿಗೆ ತೋಟ. ಬೆಳಕು ಹರಿಯುವ ಮುಂಚೆ ಹೂ ಬಿಡಿಸುವ ಹೆಂಗಸರು ಬೀದಿಯಲ್ಲಿ ಗುಂಪಾಗಿ ಹೋಗುತ್ತಿದ್ದರು. ಮೂರನೆಯ ದಿನ ಪಕ್ಕದ ಮನೆಯ ಸರಸು ಬಾಗಿಲಲ್ಲಿ ನಿಂತು, ತನ್ನ ಮಗುವಿಗೆ ಇವತ್ತು ಕಿವಿ ಚುಚ್ಚುತ್ತಾರೆ, ನೀವು ಹಾಡುತ್ತೀರಂತೆ, ಬರುತ್ತೀರಾ ಎಂದು ತಮಿಳಿನಲ್ಲಿ ಕೇಳಿದಳು.

"ಯಾರು ಯೋಳಿದ್ದು ಇವರಿಗೆ?" ಎಂದು ಆಂಡಾಳ್ ಒಳಗೆ ತಿರುಗಿ ನೋಡಿದಳು. ವೇಲು ಪುಸ್ತಕದಿಂದ ಮುಖ ಎತ್ತಲಿಲ್ಲ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಪ್ಪಲಿಯನ್ನೂ ಹುಡುಕದೆ, ಸರಸುವಿನ ಹಿಂದೆ ಹೊರಟಳು.