ಬಾವಿಯೊಳಗೆ ಮೊದಲೇ ಇದ್ದವರು

ನಾವು ಬಾವಿಗೆ ಇಳಿಯುವ ಮೊದಲೇ ಅವರು ಬಾವಿಯಲ್ಲಿದ್ದರು. ನಾಲ್ಕೂ ಜನ ಬಂದೂಕು ಮೇಲೆತ್ತಿ, ಬಾಗಿಲಲ್ಲಿ ಬೀಗರನ್ನು ಕಾಯುವವರ ಹಾಗೆ ನಿಂತಿದ್ದರು. ಮೂರನೆಯ ಸೆಕೆಂಡಿಗೆ ನನ್ನ ಪರದೆ ಕೆಂಪಾಯಿತು. ಆರನೆಯ ಸೆಕೆಂಡಿಗೆ ನಮ್ಮ ತಂಡದಲ್ಲಿ ಯಾರೂ ಉಳಿದಿರಲಿಲ್ಲ.

ಒಂದು ಸಲವಾದರೆ ಅವರ ಅದೃಷ್ಟ ಅನ್ನಬಹುದು. ಆ ಭಾನುವಾರ ಐದು ಸಲ ಹಾಗಾಯಿತು. ನಾನು ವಿಮಾ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವವಳು. ಜನರ ಸುಳ್ಳು ಹಿಡಿಯುವುದೇ ನನ್ನ ಅನ್ನ. ಐದು ಸಲ ಒಂದೇ ಕಾರಿಗೆ ಒಂದೇ ಎಮ್ಮೆ ಅಡ್ಡ ಬಂತು ಅಂದರೆ ನಾನು ಎಮ್ಮೆಯನ್ನು ಬೈಯುವುದಿಲ್ಲ.

ಆಟದ ಹೆಸರು ರಿಂಗ್‌ಫಾಲ್. ಶನಿಗ್ರಹದ ಸುತ್ತ ತಿರುಗುವ ಒಂದು ಹಾಳುಬಿದ್ದ ಬಾಹ್ಯಾಕಾಶ ನಿಲ್ದಾಣ, ನಾಲ್ಕು ನಾಲ್ಕು ಜನರ ಎರಡು ತಂಡ. ಓಡಬೇಕು, ಹಾರಬೇಕು, ಗೋಡೆಯ ಮೇಲೆ ಜಾರಬೇಕು. ಕಣ್ಣು ಮಿಟುಕಿಸಿದವರು ಸತ್ತರು. ಎರಡು ಕಡೆ ಇಂಧನದ ಕೋಶಗಳಿರುತ್ತವೆ, ಯಾವುದನ್ನು ಕಿತ್ತರೂ ಗೆಲುವು. ಕೀಳಲು ಹತ್ತು ಸೆಕೆಂಡು ಬೇಕು, ಅಷ್ಟು ಹೊತ್ತು ಬಂದೂಕು ಹಿಡಿಯಲಾಗುವುದಿಲ್ಲ. ಹಾಗಾಗಿ ಬೆನ್ನು ಕಾಯಲು ಇನ್ನೊಬ್ಬರು ಬೇಕೇ ಬೇಕು.

ಪಂದ್ಯ ನಡೆಯುತ್ತಿದ್ದುದು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಗೇಮಿಂಗ್ ಸೆಂಟರಿನಲ್ಲಿ, ಭಾನುವಾರ ಮಧ್ಯಾಹ್ನ. ಎರಡು ಸಾಲು ಕಂಪ್ಯೂಟರು, ನಡುವೆ ಎದೆಮಟ್ಟದ ಒಂದು ಹಲಗೆ. ಆಚೆ ಅವರು, ಈಚೆ ನಾವು. ನಮ್ಮ ಬಳಿ ಇದ್ದ ದೊಡ್ಡ ಆಯುಧ ಕನ್ನಡ. ಆ ನಿಲ್ದಾಣಕ್ಕೆ ನಾವು ಧಾರವಾಡದ ಮನೆಯ ಹೆಸರುಗಳನ್ನೇ ಇಟ್ಟಿದ್ದೆವು. ಉದ್ದನೆಯ ಓಣಿ ಪಡಸಾಲಿ, ಲಿಫ್ಟಿನ ಗುಂಡಿ ಬಾವಿ. ಒಂದು ಕೋಶ ಮೇಲೆ ಅಟ್ಟದಲ್ಲಿ, ಇನ್ನೊಂದು ಕೆಳಗೆ ರಿಯಾಕ್ಟರಿನ ಕೋಣೆಯಲ್ಲಿ, ಅಂದರೆ ಒಲಿಯಲ್ಲಿ. ಪುಣೆಯಲ್ಲಿ ಕೂತು "ಮಾರ್ತಾಂಡಾ, ಬಾವಿಗಿ ಇಳಿ!" ಎಂದು ಗಂಟಲು ಹರಿಯುವಂತೆ ಒದರಿದರೂ ಎದುರಿನವರಿಗೆ ಏನು ತಿಳಿಯಬೇಕು? ತಿಳಿಯಿತು ಅಂದರೆ ನಮ್ಮೊಳಗಿನವರೇ ಯಾರೋ ಹೇಳಿರಬೇಕು.

ನಮ್ಮೊಳಗೆ ನಾನು, ಕಾಕಾನ ಮಗ ಮಾರ್ತಾಂಡ, ತಂಗಿ ಇಂದೂ. ನಾಲ್ಕನೆಯವನು ಅವಧೂತ. ಇಂದೂನ ಆಫೀಸಿನವನು, ಮರಾಠಿ ಮನೆಯವನು, ಅವಳನ್ನು ಮದುವೆಯಾಗುತ್ತೇನೆ ಅನ್ನುವವನು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

"ಮನ್ಯಾಗ ಬಂದು ಚಹಾ ಕುಡಿಯೋವಾಗ ಎಲ್ಲಾರೂ ಛಲೋನ ಇರ್ತಾರ," ಅಂದಳು. "ಮಂಜರಿ, ಅವನ್ನ ನಿಮ್ಮ ಆಟಕ್ಕ ಸೇರಿಸ್ಕೋ. ಸೋತಾಗ ಹೆಂಗಿರ್ತಾನ ನೋಡಿ ಹೇಳು. ನೀ ಹೂಂ ಅಂದ್ರ ನಂದೂ ಹೂಂ."

ಅವ್ವ ನನಗೆ ಕೊಟ್ಟದ್ದು ಅಂಥ ಕೆಲಸ. ಎಂಟು ತಿಂಗಳಿಂದ ಅವಧೂತ ನಮ್ಮ ಜೊತೆ ಆಡುತ್ತಿದ್ದ. ನನ್ನ ಹತ್ತಿರ ಒಂದು ಮರಾಠಿ ಮಾತೂ ಆಡದೆ, ತಪ್ಪೋ ಒಪ್ಪೋ, ಕನ್ನಡದಲ್ಲೇ ಮಾತಾಡುತ್ತಿದ್ದ. ಅದೂ ನನಗೆ ಸಂಶಯವೇ. ಇಷ್ಟು ಕಷ್ಟಪಟ್ಟು ಒಳ್ಳೆಯವನಾಗುವವನನ್ನು ನಾನು ಸುಮ್ಮನೆ ನಂಬುವುದಿಲ್ಲ.

ಆ ದಿನ ಅವನು ವಡಾಪಾವ್ ತರಲು ಹೋದಾಗ ಅವನ ಕೀಬೋರ್ಡಿನ ಪಕ್ಕದಲ್ಲಿ ಒಂದು ಪುಟ್ಟ ವಹಿ ಇತ್ತು. ಪಂದ್ಯದ ನಡುನಡುವೆ ಅದರಲ್ಲಿ ಏನೋ ಗೀಚುವುದನ್ನು ನೋಡಿದ್ದೆ. ತೆರೆದೆ. ಮರಾಠಿ ಲಿಪಿಯಲ್ಲಿ ಸಾಲಾಗಿ ನಮ್ಮ ಮಾತುಗಳು: ಬಾವಿ, ಅಟ್ಟ, ಪಡಸಾಲಿ, ಬೆನ್ನು ಕಾಯಿ, ಕದಲಬ್ಯಾಡ. ಒಂದೊಂದರ ಮುಂದೆಯೂ ಮರಾಠಿ ಅರ್ಥ. ನನ್ನ ಮೈ ಉರಿಯಿತು. ನಮ್ಮ ಗುಟ್ಟಿನ ಕೀಲಿಕೈಯನ್ನೇ ಬರೆದಿಟ್ಟುಕೊಂಡಿದ್ದಾನೆ!

ಇಂದೂಗೆ ತೋರಿಸಿದೆ. ಅವಳು ನಕ್ಕಳು.

"ಕಲೀಲಿಕತ್ಯಾನ ಅಕ್ಕಾ, ಕನ್ನಡಾ ಕಲೀಲಿಕತ್ಯಾನ. ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ."

"ಕಲಿಯೋವ್ರು ರೋಹಿತನ ಕೂಡ ನಿಂತು ಯಾಕ ಗುಸುಗುಸು ಮಾತಾಡ್ತಾರ?"

ರೋಹಿತ ಎದುರು ತಂಡದ ನಾಯಕ. ಇಬ್ಬರೂ ಪಾರ್ಕಿಂಗಿನಲ್ಲಿ ನಿಂತು ನಗುತ್ತಿದ್ದುದನ್ನು ಮಾರ್ತಾಂಡ ನೋಡಿದ್ದ. ಇಂದೂ ಹೆಡ್‌ಫೋನ್ ಹಾಕಿಕೊಂಡಳು.

ಕೊನೆಯ ಪಂದ್ಯ ಮುಂದಿನ ಭಾನುವಾರ, ಅದೇ ತಂಡದ ಮೇಲೆ. ನಾನು ಬೋನು ಹೂಡಿದೆ. ಆ ದಿನ ಬೆಳಿಗ್ಗೆ ಅವಧೂತನಿಗೆ ಫೋನು ಮಾಡಿ, "ಕಡೀ ಸುತ್ತಿನ್ಯಾಗ ನಾವೆಲ್ಲಾ ಒಲಿಗೆ ಹೋಗೋದು. ನೀ ಮುಂದ ಹೋಗಿ ನಿಲ್ಲು. ನಾ ಏನ ಒದರಿದ್ರೂ ಅಲ್ಲಿಂದ ಕದಲಬ್ಯಾಡ, ನಾವು ಬರ್ತೀವಿ," ಅಂದೆ.

"ಹೌದ್ರಿ ಅಕ್ಕಾ. ಕದಲಂಗಿಲ್ಲ," ಅಂದ.

ಮಾರ್ತಾಂಡನಿಗೂ ಇಂದೂಗೂ ಬೇರೆಯೇ ಹೇಳಿದೆ: ಹೋಗುವುದು ಅಟ್ಟಕ್ಕೆ, ಅವಧೂತ ಕೆಳಗೆ ಕಾವಲಿರುತ್ತಾನೆ. ಎದುರಿನವರು ಒಲಿಗೆ ನುಗ್ಗಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಅಟ್ಟ ನಮ್ಮದು, ಗೆಲುವೂ ನಮ್ಮದು, ಸಂಜೆ ಅವ್ವನಿಗೆ ಊಹೂಂ ಅನ್ನುವುದು.

ಕಡೆಯ ಸುತ್ತಿಗೆ ಎರಡೂ ತಂಡ ಸರಿಸಮ. ಗಂಟೆ ಬಾರಿಸಿತು. ಅವಧೂತ ಬಾವಿಗೆ ಹಾರಿದ. ನಾವು ಮೂವರು ಪಡಸಾಲಿಯಲ್ಲಿ ಬಾಣದಂತೆ ಓಡಿದೆವು. "ಅಟ್ಟಾ ಏರ್ರಿ! ಇಂದೂ, ಎಡಕ್ಕ! ಮಾರ್ತಾಂಡಾ, ಬೆನ್ನು ಕಾಯಿ!" ಎಂದು ಒದರುತ್ತ ನಾನೇ ಮೊದಲು ಮೇಲೆ ಹಾರಿದೆ.

ಅಟ್ಟದಲ್ಲಿ ನಾಲ್ಕೂ ಜನ ಇದ್ದರು.

ನಾನು ಬಿದ್ದೆ, ಇಂದೂ ಬಿದ್ದಳು, ಮಾರ್ತಾಂಡ ಇಬ್ಬರನ್ನು ಕೊಂದು ಬಿದ್ದ. ಈ ಆಟದಲ್ಲಿ ಸತ್ತವರ ಮೈಕು ತಾನಾಗಿ ಬಂದಾಗುತ್ತದೆ, ಪಂದ್ಯದ ನಿಯಮದಂತೆ ಸತ್ತವರು ಬಾಯಿ ಬಿಡುವಂತೆಯೂ ಇಲ್ಲ. ಉಳಿದವರಿಗೆ ನಾವು ಸತ್ತದ್ದೂ ತಿಳಿಯುವುದಿಲ್ಲ. ಸತ್ತವಳಾಗಿ ನಾನು ನೋಡಬಹುದಾದದ್ದು ಅವಧೂತನ ಪರದೆಯನ್ನು ಮಾತ್ರ. ಒಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವನ ಕಣ್ಣೆದುರೇ ಕೋಶ ನೀಲಿಯಾಗಿ ಉರಿಯುತ್ತಿತ್ತು. ಕೈ ಹಾಕಿದ್ದರೆ ಹತ್ತು ಸೆಕೆಂಡಿನಲ್ಲಿ ನಾವು ಗೆದ್ದಿರುತ್ತಿದ್ದೆವು.

ಅವನು ಕೈ ಹಾಕಲಿಲ್ಲ. ಬಾಗಿಲಿಗೆ ಬಂದೂಕು ಹಿಡಿದು ನಿಂತ.

"ಅಕ್ಕಾ, ನಾ ಒಲಿ ಮುಟ್ಟೀನಿ. ಇಲ್ಲೆ ಯಾರೂ ಇಲ್ಲ. ಬರ್ರಿ, ನೀವು ಕೀಳ್ರಿ, ನಾ ಬೆನ್ನು ಕಾಯ್ತೀನಿ."

ಇಪ್ಪತ್ತು ಸೆಕೆಂಡು. ಕೀಳು, ಮಾರಾಯಾ, ಕೀಳು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಕ್ಕಾ, ಎಲ್ಲಿದ್ದೀರಿ? ನಾ ಕದಲಿಲ್ಲ ನೋಡ್ರಿ."

ಆಮೇಲೆ ಉಳಿದಿಬ್ಬರು ಬಂದರು. ಒಬ್ಬನನ್ನು ಹೊಡೆದ. ಇನ್ನೊಬ್ಬನು ರೋಹಿತ. ಅಲ್ಲಿಗೆ ಮುಗಿಯಿತು.

ಹಲಗೆಯ ಆಚೆಯಿಂದ ರೋಹಿತ ಕೈ ಕುಲುಕಲು ಬಂದ. ಅಷ್ಟು ವಾರ ಅಪ್ಪಟ ಪುಣೇರಿ ಮರಾಠಿಯಲ್ಲಿ ಮಾತಾಡುತ್ತಿದ್ದವನು ಬಾಯಿ ತೆರೆದ:

"ಭಾಳ ಛಂದ ಆಡಿದ್ರಿ ಅಕ್ಕಾರ. ಆದ್ರ ಅಷ್ಟು ಜೋರಾಗಿ ಒದರಬ್ಯಾಡ್ರಿ. ಅಟ್ಟ, ಪಡಸಾಲಿ ಅನ್ಕೋತ ನಮ್ಮಜ್ಜಿ ನಾಗವ್ವ ದಿನಾ ಮನಿ ತುಂಬ ಒದರ್ತಾಳ."

"ನೀವು ಕನ್ನಡದವ್ರಾ?" ಅಂದೆ.

"ಅಥಣಿಯವ್ರೀ. ಇರೂದು ಇಲ್ಲೇ ಪುಣೆದಾಗ, ಕೋಥರೂಡಿನ್ಯಾಗ."

"ಒಂದಿನಾರ ಹೇಳಬಾರದಾಗಿತ್ತಾ?"

"ಹೊರಗ ನಾವು ಯಾರು ಕನ್ನಡಾ ಮಾತಾಡ್ತೀವ್ರಿ? ನೀವರ ನನ್ನ ಕೂಡ ಎಂದರ ಮಾತಾಡೀರೇನು?"

ಮಾತಾಡಿರಲಿಲ್ಲ. ನಾನೂ ಹೊಸ್ತಿಲು ದಾಟಿದ ಕೂಡಲೇ ಮರಾಠಿಯವಳಾಗುವವಳು. ನನ್ನ ಹಾಗೆ ಇನ್ನೊಬ್ಬರೂ ಇರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ಮನೆಯ ಮಾತು ಕಲಿಯಲು ಬಂದವನನ್ನು ಮಾತ್ರ ಕಳ್ಳನೆಂದು ಹಿಡಿದಿದ್ದೆ.

ಅವಧೂತ ಹೆಡ್‌ಫೋನ್ ತೆಗೆದು ಕೈಯಲ್ಲೇ ಹಿಡಿದು ನಿಂತಿದ್ದ. "ನೀವು ಮೂರೂ ಮಂದಿ ಅಟ್ಟಕ್ಕ ಹೋಗಿದ್ರಿ?" ಅಂದ. ನಿಧಾನವಾಗಿ ಲೆಕ್ಕ ಕೂಡಿಸಿದ. "ಒಲಿ ಅಂತ ನನಗ ಒಬ್ಬಂಗ ಹೇಳಿದ್ರಿ?"

"ಹೌದು," ಅಂದೆ. "ನಿನ್ನ ಮ್ಯಾಲೆ ಸಂಶಯ ಇತ್ತು."

ಅವನು ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೆಡ್‌ಫೋನಿನ ವೈರು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟ. ಹೊತ್ತಾಯಿತು, ತಾನು ಹೊರಡುತ್ತೇನೆ, ಪಂದ್ಯ ಸೋತದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳಿದ. ಎಲ್ಲವನ್ನೂ ಮರಾಠಿಯಲ್ಲಿ ಹೇಳಿದ. ಬಹಳ ಮರ್ಯಾದೆಯಿಂದ ಹೇಳಿದ. ಹೊರಗಿನವರ ಜೊತೆ ನಾವೆಲ್ಲ ಮಾತಾಡುವುದೇ ಹಾಗೆ.

ಇಂದೂ ತನ್ನ ಚೀಲ ಹೆಗಲಿಗೇರಿಸಿ ಅವನ ಹಿಂದೆಯೇ ಹೊರಟಳು. ಮೆಟ್ಟಿಲ ಬಳಿ ಅವಳ ಕೈ ಹಿಡಿದೆ.

"ಅವ್ವಗ ಇವತ್ತ ಹೂಂ ಅಂತ ಹೇಳ್ತೀನಿ," ಅಂದೆ. "ಹುಡುಗ ಭಾಳ ಛಲೋ ಅದಾನ ಅಂತ ಹೇಳ್ತೀನಿ."

"ಅದು ನನಗ ಮೊದಲ ಗೊತ್ತಿತ್ತು," ಅಂದಳು ಇಂದೂ, ಕೈ ಬಿಡಿಸಿಕೊಳ್ಳುತ್ತ. "ನಿನ್ನ ಬಗ್ಗೆ ಅವಗ ನಾ ಏನ ಹೇಳ್ಲಿ, ಅದನ್ನ ಹೇಳು."